ಹೆಸರಿದೆ, ಪೋರ್ಟ್ ಇಲ್ಲ

ಲಿನಕ್ಸ್ ಕಂಪ್ಯೂಟರಿನಲ್ಲಿ ‘ಡೆವ್’ ಎಂಬ ಫೋಲ್ಡರ್ ತೆರೆದರೆ ಟಿಟಿವೈಎಸ್0, ಟಿಟಿವೈಎಸ್1 ಎಂದು ಹೆಸರುಗಳ ಸಾಲೇ ಕಾಣುತ್ತದೆ. ಎಲ್ಲವೂ ಸೀರಿಯಲ್ ಪೋರ್ಟುಗಳ ಹೆಸರು. ಯಂತ್ರದ ಹಿಂಬದಿ ತಿರುಗಿಸಿ ನೋಡಿದರೆ ಎಷ್ಟೋ ಸಲ ಒಂದು ಪೋರ್ಟೂ ಇರುವುದಿಲ್ಲ. ಪ್ರಯೋಗಾಲಯದ ಹಳೆಯ ತಕ್ಕಡಿಯನ್ನು ಜೋಡಿಸಲು ಹೊರಟವರು ಮೊದಲು ಎಡವುವುದು ಇಲ್ಲೇ.

ಟಿಟಿವೈ ಎಂದರೆ ಟೆಲಿಟೈಪ್. 1963ರಲ್ಲಿ ಬಂದ ಮಾಡೆಲ್ 33 ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರಗಳನ್ನು ಕಾಗದದ ಮೇಲೆ ಕುಟ್ಟುತ್ತಿತ್ತು. ಯಂತ್ರ ಮೂಲೆಗೆ ಸರಿಯಿತು, ಹೆಸರು ಯುನಿಕ್ಸ್‌ನಲ್ಲಿ ಉಳಿದು ಲಿನಕ್ಸ್‌ಗೂ ಬಂತು. ಲಿನಕ್ಸ್ ಹುಟ್ಟಿಗೂ ಸೀರಿಯಲ್ ಪೋರ್ಟಿಗೂ ನಂಟಿದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರನ್ನು ಮುಟ್ಟಲು ಬರೆದುಕೊಂಡ ಟರ್ಮಿನಲ್ ಪ್ರೋಗ್ರಾಮೇ ಬೆಳೆದು ಲಿನಕ್ಸ್ ಆಯಿತು.

1981ರ ಐಬಿಎಂ ಪಿಸಿಯಲ್ಲಿ ಈ ಕೆಲಸಕ್ಕಿದ್ದದ್ದು 8250 ಎಂಬ ಚಿಪ್. ಅದಕ್ಕೆ ತನ್ನ ಹೆಸರು ಹೇಳಿಕೊಳ್ಳಲು ಬಾರದು. ಹಾಗಾಗಿ ಲಿನಕ್ಸ್ ಕತ್ತಲಲ್ಲಿ ತಡಕಾಡುತ್ತದೆ: 3ಎಫ್8ರಿಂದ ಶುರುವಾಗುವ ವಿಳಾಸಗಳಲ್ಲಿ ಒಂದು ಸಂಖ್ಯೆ ಬರೆದು, ಮತ್ತೆ ಓದಿ ನೋಡುತ್ತದೆ. ಬರೆದದ್ದೇ ಮರಳಿದರೆ ಅಲ್ಲಿ ಚಿಪ್ ಇರಬಹುದು, ಬರದಿದ್ದರೆ ಹೆಸರಷ್ಟೇ. ಆದ್ದರಿಂದ ಹೆಸರುಗಳನ್ನು ನಂಬದೆ ‘ಸೆಟ್‌ಸೀರಿಯಲ್’ ಆದೇಶದಿಂದ ವಿಚಾರಿಸಬೇಕು. 16550ಎ ಎಂಬ ಉತ್ತರ ಬಂದರೆ ಚಿಪ್ ಸಿಕ್ಕಿದೆ, ‘ಅನ್‌ನೋನ್’ ಎಂದರೆ ಸಿಕ್ಕಿಲ್ಲ. ಪೋರ್ಟ್ ಕಣ್ಣಿಗೆ ಕಾಣುತ್ತಿದ್ದೂ ಸಿಗದಿದ್ದರೆ ಬಯಾಸ್‌ನಲ್ಲಿ ಯಾರೋ ಅದನ್ನು ಆರಿಸಿಟ್ಟಿರಬಹುದು. ಸಿಕ್ಕಿಯೂ ‘ಅನುಮತಿ ಇಲ್ಲ’ ಎಂದರೆ, ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ನಿಮ್ಮ ಖಾತೆ ‘ಡಯಲ್‌ಔಟ್’ ಗುಂಪಿನಲ್ಲಿ ಇರುವುದಿಲ್ಲ, ಅಷ್ಟೇ. ಮೋಡೆಮ್ ಕಾಲದ ಪದ ಅದೂ.

ಯುಎಸ್‌ಬಿ ಬಂದ ಮೇಲೆ ಸಾಧನಗಳು ತಮ್ಮ ಗುರುತಿನ ಸಂಖ್ಯೆ ತಾವೇ ಹೇಳತೊಡಗಿದವು. ತೊಂದರೆ ತೀರಿತು ಅಂದುಕೊಂಡರೆ, ಸಿಎಚ್340ರಂಥ ಅಗ್ಗದ ಚಿಪ್ ನೂರಾರು ಬಗೆಯ ಉಪಕರಣಗಳೊಳಗೆ ಒಂದೇ ಸಂಖ್ಯೆ ಹೊತ್ತು ಕೂತಿದೆ. 2022ರಲ್ಲಿ ಉಬುಂಟು 22.04 ಬಂದಾಗ ಅನೇಕರಿಗೆ ಟಿಟಿವೈಯುಎಸ್‌ಬಿ0 ಕಾಣಿಸಿಕೊಂಡು ಮರುಕ್ಷಣ ಮಾಯವಾಗುತ್ತಿತ್ತು. ಅದನ್ನು ಕಸಿದುಕೊಳ್ಳುತ್ತಿದ್ದದ್ದು ಬಿಆರ್‌ಎಲ್‌ಟಿಟಿವೈ. ಅಂಧರು ಪರದೆಯ ಮೇಲಿನದ್ದನ್ನು ಬ್ರೈಲ್ ಸಾಧನದ ಮೇಲೆ ಬೆರಳಿಟ್ಟು ಓದಲು ನೆರವಾಗುವ ತಂತ್ರಾಂಶ. ಅದೇ ಚಿಪ್ಪಿನ ಬ್ರೈಲ್ ಸಾಧನವೂ ಇದೆಯಲ್ಲ, ತನ್ನದೇ ಎಂದು ಅದು ತಿಳಿದುಕೊಂಡಿತ್ತು.

ಅದನ್ನು ಕಿತ್ತುಹಾಕಿ ಎಂಬ ಸಲಹೆ ಎಲ್ಲೆಡೆ ಹಬ್ಬಿತು. ಒಬ್ಬರೇ ಬಳಸುವ ಯಂತ್ರವಾದರೆ ಸರಿ. ಕಾಲೇಜಿನ ಹಂಚಿಕೆಯ ಕಂಪ್ಯೂಟರಿನಲ್ಲಿ ಹಾಗೆ ಮಾಡಿದರೆ, ನಾಳೆ ಬಂದು ಕೂರುವ ಅಂಧ ವಿದ್ಯಾರ್ಥಿಯ ಮುಂದೆ ಓದಲಾಗದ ಪರದೆ ಇರುತ್ತದೆ. ನನ್ನ ಕೇಳಿದರೆ, ಯುಡೆವ್ ನಿಯಮದ ಕಡತದಲ್ಲಿ ಆ ಚಿಪ್ಪಿನ ಸಾಲೊಂದನ್ನು ನಿಷ್ಕ್ರಿಯಗೊಳಿಸಿದರೆ ಸಾಕು. ಅದೂ, ಅದೇ ಚಿಪ್ಪಿನ ಬ್ರೈಲ್ ಸಾಧನ ಅಲ್ಲಿ ಯಾರೂ ಬಳಸುತ್ತಿಲ್ಲವೆಂದು ವಿಚಾರಿಸಿಕೊಂಡ ಮೇಲೆ.