ಸೋಲಿಗರ ದೂರು, ಒಬ್ಬ ವಕೀಲರ ಕಾದಂಬರಿ

ಬಿಳಿಗಿರಿರಂಗನ ಬೆಟ್ಟದಿಂದ ಮಲೆಮಹದೇಶ್ವರ ಬೆಟ್ಟದವರೆಗೆ, ದಕ್ಷಿಣಕ್ಕೆ ತಾಳವಾಡಿಯ ಆಚೆಗೆ, ಪಶ್ಚಿಮಕ್ಕೆ ಗುಂಡ್ಲುಪೇಟೆಯ ಬಂಡೀಪುರದ ಅಂಚಿಗೆ ಹಬ್ಬಿದ ಕಾಡು ಸೋಲಿಗರ ನೆಲೆ. ಬಿಳಿಗಿರಿಯ ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ಅವರ ನಂಬಿಕೆ. ಆದುದರಿಂದ ಅವನು ಅವರಿಗೆ ರಂಗಭಾವ. ದೇವರನ್ನೇ ನೆಂಟನಾಗಿ ಪಡೆದ ಈ ಜನ ಅಧಿಕಾರದ ಕಣ್ಣಿಗೆ ಮಾತ್ರ ಶಂಕಿತರು. 1972ರ ವನ್ಯಜೀವಿ ಕಾಯಿದೆಯ ಬೆನ್ನಿಗೆ 1974ರಲ್ಲಿ ಬಿಳಿಗಿರಿಯ ಕಾಡು ಅಭಯಾರಣ್ಯವಾಯಿತು. ಅವರ ಬೇಟೆಯೂ ಕಾಡು ಕಡಿದು ರಾಗಿ ಬಿತ್ತುವ ಬೇಸಾಯವೂ ಅಪರಾಧಗಳಾದವು.

ಅನಂತರ ಬಂದದ್ದು ವೀರಪ್ಪನ್ನನ ಕಾಲ. 1993ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಮಡಿದ ಮೇಲೆ ಎರಡು ರಾಜ್ಯಗಳ ಕಾರ್ಯಪಡೆ ಕಾಡನ್ನು ಜಾಲಾಡಿತು. ಬಂದೂಕು ಹಿಡಿದು ಬಂದವನಿಗೆ ಅಕ್ಕಿ ಕೊಡದಿದ್ದರೆ ಅವನಿಂದ ಕೇಡು, ಕೊಟ್ಟರೆ ಪೊಲೀಸರಿಂದ ಕೇಡು. ಮಹದೇಶ್ವರ ಬೆಟ್ಟದಲ್ಲಿ ಒಂದು ತಾಣಕ್ಕೆ 'ವರ್ಕ್‌ಶಾಪ್' ಎಂದು ಹೆಸರಿತ್ತು. ಅಲ್ಲಿ ದುರಸ್ತಿಗೆ ಬರುತ್ತಿದ್ದುದು ವಾಹನಗಳಲ್ಲ, ಮನುಷ್ಯರು. ವಿದ್ಯುತ್ತಿನ ಆಘಾತವನ್ನೂ ಹೆಂಗಸರ ಮಾನಭಂಗವನ್ನೂ ಬದುಕುಳಿದವರು ಮುಂದೆ ಸಾಕ್ಷ್ಯವಾಗಿ ನುಡಿದರು. ಟಾಡಾ ಕಾಯಿದೆಯಡಿ ಮೈಸೂರಿನ ಸೆರೆಮನೆ ಸೇರಿದವರಲ್ಲಿ ಬಹುಮಂದಿ 2001ರಲ್ಲಿ ನಿರ್ದೋಷಿಗಳೆನಿಸಿ ಹೊರಬಂದರು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು!

ಪತ್ರಿಕೆಗಳು ವೀರಪ್ಪನ್ನನ ಮೀಸೆಯ ವರ್ಣನೆಯಲ್ಲಿ ಮುಳುಗಿದ್ದಾಗ ಈ ಹಾಡಿಗಳ ಮಾತಿಗೆ ಕಿವಿಗೊಟ್ಟವರು ಕೆಲವರೇ. ಪಿ.ಯು.ಸಿ.ಎಲ್. ಸಂಘಟನೆಯ ತಮಿಳು ವಕೀಲ ಎಸ್. ಬಾಲಮುರುಗನ್ ಅಂಥವರಲ್ಲೊಬ್ಬರು. ಹೆದರಿದ ಜನ ನ್ಯಾಯಾಧೀಶರೆದುರು ಬಾಯಿಬಿಡುವುದು ಸುಲಭವಲ್ಲ. ಕಾರ್ಯಪಡೆ ಇನ್ನೂ ಅದೇ ಕಾಡಿನಲ್ಲಿತ್ತು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಆದರೂ ಜನ ಬಂದರು, ನುಡಿದರು. ವರದಿ 2003ರಲ್ಲಿ ಸಿದ್ಧವಾಯಿತು.

ಮರುವರ್ಷ ಬಾಲಮುರುಗನ್ನರ 'ಸೋಳಗರ್ ತೊಟ್ಟಿ' ಪ್ರಕಟವಾಯಿತು. ವಕೀಲರು ದೂರಿನ ಅರ್ಜಿ ಬರೆಯುವುದು ಸಹಜ. ಇವರು ಕಾದಂಬರಿಯನ್ನೂ ಬರೆದರು. ಅರ್ಜಿಯಲ್ಲಿ ಏಟುಗಳ ಲೆಕ್ಕ ಹಿಡಿಯುತ್ತದೆ, ಏಟು ಬೀಳುವ ಮುನ್ನ ಆ ಹಾಡಿಯಲ್ಲಿ ಇದ್ದ ಬದುಕು ಹಿಡಿಯುವುದಿಲ್ಲ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವವರ ಸಂಕಟ ತಮಿಳಿನಲ್ಲಿ ಕಥೆಯಾಯಿತೆಂಬುದು ನಮ್ಮ ಲೇಖಕರು ಯೋಚಿಸತಕ್ಕ ಸಂಗತಿ.

ವೀರಪ್ಪನ್ 2004ರ ಅಕ್ಟೋಬರಿನಲ್ಲಿ ಹತನಾದ. ಆಯೋಗವು 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು: ತಲೆಗೆ ಸರಾಸರಿ ಮೂರು ಲಕ್ಷಕ್ಕೆ ತುಸು ಮೇಲು.