ಕರ್ನಾಟಕದಲ್ಲಿ ಕೃಷಿಭೂಮಿ ರಕ್ಷಣೆ ಮತ್ತು ವಸತಿ ಬಡಾವಣೆ

ಸಾಗುವಳಿ ಜಮೀನನ್ನು ಮನೆ ನಿವೇಶನಗಳಾಗಿ ಒಡೆಯಲು ಅನುಮತಿ ಕೊಡುವಾಗ ಆ ನೆಲದ ಬೇಸಾಯದ ಬೆಲೆಯನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ಹಿಡಿಯಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ. ಈ ತೀರ್ಮಾನ ಒಂದೇ ಕಚೇರಿಯಲ್ಲಿ ಆಗುವುದಿಲ್ಲ. ಜಮೀನನ್ನು ಕೃಷಿಯೇತರ ಬಳಕೆಗೆ ಬಿಡುವುದು ಕಂದಾಯ ಇಲಾಖೆ. ಜನ ಇದನ್ನು ‘ಡಿಸಿ ಕನ್ವರ್ಷನ್’ ಎನ್ನುತ್ತಾರೆ. ಬಡಾವಣೆಯ ನಕ್ಷೆಗೆ ಮಂಜೂರಾತಿ ನೀಡುವುದು ಯೋಜನಾ ಪ್ರಾಧಿಕಾರ. ಖಾತೆ ಮಾಡುವುದು ಪಂಚಾಯಿತಿ ಅಥವಾ ನಗರಸಭೆ. ಮಣ್ಣಿನ ಪ್ರಶ್ನೆಯನ್ನು ನೇರವಾಗಿ ಎತ್ತುವ ಹೊಣೆ ಈ ಮೂವರಲ್ಲಿ ಯಾರ ಹೆಗಲಿಗೂ ಸ್ಪಷ್ಟವಾಗಿ ಬೀಳಲಿಲ್ಲ.

ಕಂದಾಯದ ಕಾಲ

ನೆಲದ ಗುಣವನ್ನು ಅಳೆಯುವ ಪದ್ಧತಿ ಸರ್ಕಾರಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯ ಭೂಮಾಪನ 1863ರಲ್ಲಿ ಶುರುವಾಯಿತು. ಜಮೀನನ್ನು ನೀರಾವರಿಯ ತರಿ, ತೋಟದ ಬಾಗಾಯ್ತು, ಮಳೆಯಾಶ್ರಿತ ಖುಷ್ಕಿ ಎಂದು ವಿಂಗಡಿಸಿ, ಮಣ್ಣಿನ ದರ್ಜೆಯನ್ನು ಆಣೆ ಲೆಕ್ಕದಲ್ಲಿ ಗೊತ್ತುಮಾಡಿ ಕಂದಾಯ ನಿಗದಿ ಮಾಡಲಾಯಿತು. 1879ರ ಮುಂಬಯಿ ಭೂಕಂದಾಯ ಸಂಹಿತೆ ಸಾಗುವಳಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕಲೆಕ್ಟರರ ಅನುಮತಿ ಬೇಕೆಂದಿತು. 1888ರ ಮೈಸೂರು ಸಂಹಿತೆ ಅದೇ ಜಾಡಿನಲ್ಲಿ ಸಾಗಿತು. ಆಗಿನ ಕಾಳಜಿ ಬೆಳೆಗಿಂತ ಬೊಕ್ಕಸದ್ದು. ಬಳಕೆ ಬದಲಾದರೆ ಕಂದಾಯವೂ ಬದಲಾಗಬೇಕು ಎಂಬುದು ಅದರ ಉದ್ದೇಶ.

ನಗರಗಳ ವಿಸ್ತರಣೆ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು. ಬೆಂಗಳೂರಿಗೆ ಅಂಥದೇ ಮಂಡಳಿ 1945ರಲ್ಲಿ. ಗಾಳಿ ಬೆಳಕಿರುವ ಮನೆ ಸಾರ್ವಜನಿಕ ಆರೋಗ್ಯಕ್ಕೆ ಅಗತ್ಯವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಊರು ಬೆಳೆದಂತೆ ಕೆರೆಗಳೂ ಅವುಗಳ ಅಚ್ಚುಕಟ್ಟೂ ಕರಗಿದವು. ತಿಗಳ ಸಮುದಾಯದವರ ತರಕಾರಿ, ಹೂವಿನ ತೋಟಗಳಿಗೆ ಆಸರೆಯಾಗಿದ್ದ ಸಂಪಂಗಿ ಕೆರೆಯ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಕೆರೆ ಹೋದ ಮೇಲೆ ಅದರ ಕೆಳಗಿನ ತರಿ ಜಮೀನು ನಿವೇಶನವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಕಾನೂನುಗಳ ಚೌಕಟ್ಟು

ಈಗಿನ ವ್ಯವಸ್ಥೆಯ ತಳಪಾಯ ಬಿದ್ದದ್ದು 1961ರಿಂದ 1976ರ ನಡುವೆ. 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಮಹಾಯೋಜನೆಗೂ (ಮಾಸ್ಟರ್ ಪ್ಲಾನ್) ಬಡಾವಣೆ ಮಂಜೂರಾತಿಗೂ ದಾರಿ ಮಾಡಿತು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಭೂಪರಿವರ್ತನೆಯ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿತು. ಬೇರೆ ಕಾನೂನಿಗೆ ಭಂಗ, ಸಾರ್ವಜನಿಕ ಉಪದ್ರವ, ಸಾರ್ವಜನಿಕ ಹಿತಕ್ಕೆ ಧಕ್ಕೆ, ಷರತ್ತು ಪಾಲಿಸಲು ಅರ್ಜಿದಾರರ ನಿರಾಕರಣೆ ಮುಂತಾದ ಕಾರಣಗಳಿಗೆ ಅರ್ಜಿ ತಿರಸ್ಕರಿಸಬಹುದು. ಮಣ್ಣಿನ ಫಲವತ್ತತೆಯನ್ನು ಪ್ರತ್ಯೇಕ ಕಾರಣವಾಗಿ ಅಲ್ಲಿ ಹೇಳಿಲ್ಲ. ನಾಲ್ಕು ತಿಂಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಬೇಕು ಎಂಬ ಉಪಬಂಧವೂ ಕಲಂನಲ್ಲಿತ್ತು. ಹೀಗಾಗಿ ಅಧಿಕಾರಿಯ ಮೌನದ ಲಾಭ ಬಡಾವಣೆಯ ಪಾಲಾಯಿತು.

ಅದೇ ಕಾಲದ ಭೂಸುಧಾರಣಾ ಕಾಯ್ದೆ ಇನ್ನೊಂದು ದಾರಿ ಹಿಡಿಯಿತು. ಅದರ ಅನುಸೂಚಿಯಲ್ಲಿ ಸರ್ಕಾರಿ ಕಾಲುವೆ, ಕೆರೆಗಳಿಂದ ವರ್ಷಕ್ಕೆ ಭತ್ತದ ಎರಡು ಬೆಳೆ ಅಥವಾ ಕಬ್ಬಿನ ಒಂದು ಬೆಳೆ ತೆಗೆಯಬಲ್ಲ ಜಮೀನು ‘ಎ’ ವರ್ಗ. ಉತ್ತಮ ಮಣ್ಣಿನ ‘ಎ’ ವರ್ಗದ ಒಂದು ಎಕರೆ ಒಂದು ಯೂನಿಟ್; ಖುಷ್ಕಿಯಾದರೆ 5.4 ಎಕರೆ ಸೇರಿ ಒಂದು ಯೂನಿಟ್. ಒಡೆತನದ ಮಿತಿ ಗೊತ್ತುಮಾಡಲು ಇಷ್ಟು ಸೂಕ್ಷ್ಮವಾಗಿ ನೆಲವನ್ನು ತೂಗಿದ ಸರ್ಕಾರ, ಅದೇ ಗದ್ದೆಯನ್ನು ನಿವೇಶನ ಮಾಡುವಾಗ ಈ ತಕ್ಕಡಿಯನ್ನು ಹೊರತೆಗೆಯಲಿಲ್ಲ. ಬದಲಿಗೆ 79ಎ ಮತ್ತು 79ಬಿ ಕಲಂಗಳು ನಿಗದಿತ ಮಿತಿಗಿಂತ ಹೆಚ್ಚು ಆದಾಯವುಳ್ಳವರೂ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳದಂತೆ ತಡೆದವು. ಯಾವ ನೆಲ ಎಂಬುದಕ್ಕಿಂತ ಯಾರ ಕೈಗೆ ಎಂಬುದು ರಕ್ಷಣೆಯ ಆಧಾರವಾಯಿತು. 109ನೇ ಕಲಂ ಮೂಲಕ ಕೈಗಾರಿಕೆಯ ಜೊತೆಗೆ ವಸತಿ ಯೋಜನೆಗಳಿಗೂ ಮುಂದೆ ವಿನಾಯಿತಿಯ ಬಾಗಿಲು ತೆರೆಯಿತು.

ಹಸಿರು ಪಟ್ಟಿ

1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. 1984ರ ಸಮಗ್ರ ಅಭಿವೃದ್ಧಿ ಯೋಜನೆ ನಗರದ ಸುತ್ತ ವಿಶಾಲವಾದ ಹಸಿರು ಪಟ್ಟಿಯನ್ನು ಗುರುತಿಸಿತು. ಬೇಸಾಯವನ್ನು ಯೋಜನೆಯ ನಕ್ಷೆಯೊಳಗೇ ಉಳಿಸುವ ಗಂಭೀರ ಪ್ರಯತ್ನ ಇದು. ಆದರೆ 1995ರ ಪರಿಷ್ಕರಣೆಯಲ್ಲಿ ಪಟ್ಟಿ ಕಿರಿದಾಯಿತು. 2007ರಲ್ಲಿ ಜಾರಿಯಾದ ಯೋಜನೆಯಲ್ಲಿ ಇನ್ನಷ್ಟು. ಪ್ರತಿ ಪರಿಷ್ಕರಣೆಯಲ್ಲೂ ಗೆರೆ ಹೊರಕ್ಕೆ ಸರಿಯುತ್ತದೆ ಎಂದು ಗೊತ್ತಾದ ಮೇಲೆ, ಗೆರೆಯಾಚೆಯ ಜಮೀನಿಗೆ ನಿವೇಶನದ ಬೆಲೆ ಮೊದಲೇ ಹತ್ತಿಬಿಡುತ್ತದೆ.

ರೆವಿನ್ಯೂ ಸೈಟುಗಳು

ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆಂದು ಶೇ. 45ರಷ್ಟು ಬಿಟ್ಟರೆ 30×40 ಅಡಿಯ ಇಪ್ಪತ್ತು ನಿವೇಶನ ಸಿಗುತ್ತವೆ. ಪರಿವರ್ತನೆಯೂ ಇಲ್ಲದೆ, ಮಂಜೂರಾತಿಯೂ ಇಲ್ಲದೆ, ಕಿರಿದಾದ ಒಂದು ದಾರಿ ಮಾತ್ರ ಬಿಟ್ಟು ಕಲ್ಲು ನೆಟ್ಟರೆ ಮೂವತ್ತರ ಹತ್ತಿರ ಹೋಗಬಹುದು. ರೆವಿನ್ಯೂ ಸೈಟುಗಳ ಹುಟ್ಟು ಈ ಲೆಕ್ಕದಲ್ಲಿದೆ. ಕೊಳ್ಳುವವರು ಬಹುತೇಕ ಸಣ್ಣ ಸಂಬಳದವರು. ಚರಂಡಿ, ನೀರು, ಸಾಲದ ತೊಡಕೆಲ್ಲ ಅವರ ಪಾಲಿಗೆ. 2013ರಲ್ಲಿ ಬಂದ ಇ-ಸ್ವತ್ತು ತಂತ್ರಾಂಶ ಪಂಚಾಯಿತಿ ಮಟ್ಟದ ಅಡ್ಡದಾರಿ ಖಾತೆಗಳಿಗೆ ಕಡಿವಾಣ ಹಾಕಲು ಯತ್ನಿಸಿತು. ಇನ್ನೊಂದೆಡೆ, ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ‘ಅಕ್ರಮ-ಸಕ್ರಮ’ ಯೋಜನೆಯನ್ನು ಸರ್ಕಾರ ತಂದಿತು. ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು.

ನ್ಯಾಯಾಲಯದ ಅಂಗಳದಲ್ಲಿ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳೂ ವಿವಾದಕ್ಕೆ ಹೊರತಲ್ಲ. ಅರ್ಕಾವತಿ ಬಡಾವಣೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಭೂಸ್ವಾಧೀನವನ್ನು ಷರತ್ತುಗಳೊಂದಿಗೆ ಒಪ್ಪಿತು. ಹಸಿರು ಪಟ್ಟಿಯಲ್ಲಿರುವ ಜಮೀನು, ನರ್ಸರಿಗಳಿರುವ ಜಮೀನು ಮುಂತಾದವುಗಳ ಮಾಲೀಕರಿಗೆ ಅವನ್ನು ಸ್ವಾಧೀನದಿಂದ ಕೈಬಿಡುವಂತೆ ಕೋರಲು ಅವಕಾಶ ಸಿಕ್ಕಿತು. ಬೆಳೆಯುತ್ತಿರುವ ನೆಲಕ್ಕೆ ತನ್ನದೇ ಒಂದು ವಾದವಿದೆ ಎಂಬ ಮಾನ್ಯತೆ ಇದರಲ್ಲಿತ್ತು. 17 ಗ್ರಾಮಗಳ 3,546 ಎಕರೆಯ ಶಿವರಾಮ ಕಾರಂತ ಬಡಾವಣೆಯಲ್ಲಿ 2008ರ ಪ್ರಾಥಮಿಕ ಅಧಿಸೂಚನೆಯ ನಂತರ ರೈತರು ಹತ್ತು ವರ್ಷ ಅತಂತ್ರರಾಗಿ ಉಳಿದರು; 2018ರಲ್ಲಿ ಸುಪ್ರೀಂ ಕೋರ್ಟ್ ಬಡಾವಣೆ ಮುಂದುವರಿಸಲು ಆದೇಶಿಸಿತು.

2020ರ ತಿರುವು

ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿತು. ರೈತ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. ಈ ಕಲಂಗಳು ಲಂಚಕ್ಕೆ ದಾರಿಯಾಗಿದ್ದವು, ಕೃಷಿಗೆ ಬಂಡವಾಳ ಬರಬೇಕು ಎಂಬುದು ಸರ್ಕಾರದ ವಾದ. ಪರಿವರ್ತನೆಯ ಅರ್ಜಿಯೂ ಈ ವರ್ಷಗಳಲ್ಲಿ ಆನ್‌ಲೈನ್ ಮತ್ತು ಪ್ರಮಾಣಪತ್ರ ಆಧಾರಿತವಾಗಿ ಹಗುರವಾಯಿತು. ಕೈಗಾರಿಕೆಗೆ ಸಂಬಂಧಿಸಿದ್ದಾದರೂ, ದೇವನಹಳ್ಳಿ ತಾಲ್ಲೂಕಿನ 13 ಗ್ರಾಮಗಳ 1,777 ಎಕರೆ ಸ್ವಾಧೀನವನ್ನು ದೀರ್ಘ ಹೋರಾಟದ ಬಳಿಕ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟದ್ದು ಇದೇ ಚರ್ಚೆಗೆ ಬಲ ತಂದಿತು.

ಮಹತ್ವ

ಕೊಳ್ಳುವವರ ಮೇಲಿನ ನಿರ್ಬಂಧ ಹೋದ ಮೇಲೆ ಉಳಿದ ತಡೆಗಳಲ್ಲಿ ಮುಖ್ಯವಾದದ್ದು ಮಹಾಯೋಜನೆಯ ಕೃಷಿ ವಲಯ. ಅದನ್ನು ಬದಲಿಸುವ ಅಧಿಕಾರವೂ ಸರ್ಕಾರದ ಕೈಯಲ್ಲೇ ಇದೆ. ಮನೆ ಬೇಕಾದವರ ಹಕ್ಕಾಗಲಿ, ಸಾಲ ತೀರಿಸಲು ಜಮೀನು ಮಾರುವ ರೈತನ ಕಷ್ಟವಾಗಲಿ ಚಿಕ್ಕದಲ್ಲ. ಆದರೆ ಕಾಂಕ್ರೀಟು ಬಿದ್ದ ಗದ್ದೆ ಮತ್ತೆ ಗದ್ದೆಯಾಗುವುದಿಲ್ಲ. ಕಂದಾಯಕ್ಕೂ ಒಡೆತನದ ಮಿತಿಗೂ ಬಳಸಿದ ಮಣ್ಣಿನ ದರ್ಜೆ, ನೀರಿನ ಆಸರೆಗಳ ದಾಖಲೆ ಸರ್ಕಾರದ ಬಳಿ ಈಗಾಗಲೇ ಇದೆ. ಅದನ್ನು ಪರಿವರ್ತನೆಯ ಕಡತದಲ್ಲಿ ಕಡ್ಡಾಯ ಮಾಡಿ, ‘ಎ’ ವರ್ಗದ ನೆಲಕ್ಕೆ ಅನುಮತಿ ಕೊಡುವವರು ಕಾರಣ ಬರೆಯಲೇಬೇಕು ಎಂದು 95ನೇ ಕಲಂನಲ್ಲಿ ಸೇರಿಸುವುದು ಶಾಸನಸಭೆಗೆ ಕಷ್ಟದ ಕೆಲಸವಲ್ಲ. ಈ ಇತಿಹಾಸದಲ್ಲಿ ಈವರೆಗೆ ಆಗದೆ ಉಳಿದಿರುವ ಸುಧಾರಣೆ ಅದೇ.