ಆಸ್ಟ್ರೇಲಿಯಾದ ರೈತರೂ ನಾಡಮರಗಳೂ

ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ನೀಲಗಿರಿ ಮರವನ್ನು ಕಾಣದ ಮಗುವಿಲ್ಲ. ಹೆಸರನ್ನು ಕೇಳಿದವರು ಇದು ಉದಕಮಂಡಲದ ಬೆಟ್ಟಗಳಲ್ಲಿಯೇ ಹುಟ್ಟಿದ ವೃಕ್ಷವೆಂದು ಭಾವಿಸುವುದು ಸಹಜ. ವಾಸ್ತವವಾಗಿ ಇದರ ತವರು ಆಸ್ಟ್ರೇಲಿಯಾ. ಬೆಟ್ಟದ ಮೇಲೆ ಬೆಳೆಯುವ ಜಾತಿಯಂತೂ ಆ ಖಂಡದ ತೆಂಕಣ ತುದಿಯ ಟಾಸ್ಮೇನಿಯಾ ದ್ವೀಪ ಮತ್ತು ಅದರ ಎದುರಿನ ಕರಾವಳಿಗೆ ಸೇರಿದುದು. ಸೌದೆಯ ಅಭಾವವನ್ನು ನೀಗಲು ಆಂಗ್ಲ ಅಧಿಕಾರಿಗಳು ಇದನ್ನು 1843ರಲ್ಲಿ ನೀಲಗಿರಿಗೆ ತಂದರು. ಕನ್ನಡಿಗರು ಬೆಟ್ಟದ ಹೆಸರನ್ನೇ ಮರಕ್ಕಿಟ್ಟು ಅದನ್ನು ನಮ್ಮವರ ಸಾಲಿಗೆ ಸೇರಿಸಿಕೊಂಡರು. ಆ ಮರ ನಮ್ಮಲ್ಲಿ ಹೀಗೆ ಹಬ್ಬುತ್ತಿದ್ದ ಕಾಲದಲ್ಲಿಯೇ ಅದರ ತವರಿನಲ್ಲಿ ಅದನ್ನು ಕಡಿಯುವುದು ರೈತನ ಧರ್ಮವೆನಿಸಿತ್ತು; ಕಡಿಯಲು ಸರ್ಕಾರವೇ ನೆರವಾಗುತ್ತಿತ್ತು. ಕಾಲ ತಿರುಗಿ, ಇಂದು ಅದೇ ಸರ್ಕಾರಗಳು ಅದೇ ಮರಗಳನ್ನು ಮರಳಿ ನೆಡುವ ರೈತನಿಗೆ ಹಣ ಕೊಡುತ್ತಿವೆ. ಈ ತಿರುವು ಹೇಗೆ ಬಂದಿತೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1788ರಲ್ಲಿ ಸಿಡ್ನಿಯ ಬಳಿ ಬಿಳಿಯರ ಮೊದಲ ವಸಾಹತು ನೆಲೆಗೊಂಡಿತು. ಸಾವಿರಾರು ವರ್ಷಗಳಿಂದ ಬೆಂಕಿಯನ್ನು ಹದವರಿತು ಬಳಸಿ ಹುಲ್ಲುಗಾವಲನ್ನೂ ಕಾಡನ್ನೂ ಕಾಪಾಡಿಕೊಂಡು ಬಂದಿದ್ದ ಮೂಲನಿವಾಸಿಗಳನ್ನು ಲೆಕ್ಕಕ್ಕೆ ಹಿಡಿಯದೆ, ನೆಲಕ್ಕೆ ಒಡೆಯರಿಲ್ಲವೆಂದು ಅವರು ಸಾರಿದರು. ಮುಂದೆ ಬಂದ ಒಕ್ಕಲಿಗನಿಗೆ ಭೂಮಿಯನ್ನು ಕೊಡುವಾಗ ಸರ್ಕಾರವು ಹಲವೆಡೆ ಒಂದು ಷರತ್ತನ್ನು ಹಾಕುತ್ತಿತ್ತು. ಆತ ಅಲ್ಲಿಯೇ ವಾಸಿಸಬೇಕು. ಗೊತ್ತಾದ ವರ್ಷಗಳೊಳಗೆ ನೆಲವನ್ನು ‘ಸುಧಾರಿಸ’ಬೇಕು. ಸುಧಾರಣೆಯೆಂದರೆ ಬೇಲಿ, ಬಾವಿ, ಮನೆಗಳಷ್ಟೇ ಅಲ್ಲ, ಮರ ಕಡಿಯುವುದೂ ಅದರಲ್ಲಿ ಸೇರಿತ್ತು. ಕೊಡಲಿಯಿಂದ ಉರುಳಿಸಲಾಗದ ದೊಡ್ಡ ಮರಗಳ ತೊಗಟೆಯನ್ನು ಬಳೆಯಾಕಾರದಲ್ಲಿ ಸುಲಿದು ನಿಂತಲ್ಲಿಯೇ ಒಣಗಿಸುತ್ತಿದ್ದರು. ಎರಡು ಮಹಾಯುದ್ಧಗಳ ತರುವಾಯ ಮರಳಿದ ಯೋಧರಿಗೂ ಇದೇ ರೀತಿ ಭೂಮಿ ಹಂಚಲಾಯಿತು. 1960ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರವು ವರ್ಷಕ್ಕೆ ಹತ್ತು ಲಕ್ಷ ಎಕರೆ ಹೊಸ ನೆಲವನ್ನು ಬೇಸಾಯಕ್ಕೆ ತೆರೆಯುವುದೇ ತನ್ನ ಗುರಿಯೆಂದು ಹೆಮ್ಮೆಯಿಂದ ಹೇಳಿಕೊಂಡಿತು. ಕ್ವೀನ್ಸ್‌ಲ್ಯಾಂಡಿನಲ್ಲಿ 1962ರಿಂದ ಬ್ರಿಗಲೋ ಎಂಬ ಜಾಲಿಯ ಕುಲದ ಕಾಡನ್ನು ಒಕ್ಕೂಟ ಸರ್ಕಾರದ ಸಾಲದಿಂದ ನೆಲಸಮ ಮಾಡಲಾಯಿತು. ಕಾಡು ಕಡಿಯಲು ತಗಲಿದ ವೆಚ್ಚವನ್ನು ವರಮಾನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ 1983ರವರೆಗೂ ಉಳಿದಿತ್ತು. ಎಂದ ಮೇಲೆ ಕಾಡು ನಾಶವಾದುದು ರೈತನ ದುರಾಶೆಯೊಂದರಿಂದಲೇ ಎಂದು ಹೇಳುವುದು ನ್ಯಾಯವಲ್ಲ. ಆತ ಕರಾರನ್ನು ಪಾಲಿಸಿದ್ದನು, ಅಷ್ಟೆ.

ನಮ್ಮ ಪ್ರೌಢಶಾಲೆಯ ಭೂಗೋಳ ಪಾಠದಲ್ಲಿ ಆಸ್ಟ್ರೇಲಿಯಾ ಎಂದೊಡನೆ ಗೋಧಿ, ಉಣ್ಣೆ, ಚಿನ್ನ ಎಂದು ವಿದ್ಯಾರ್ಥಿಗಳು ಒಪ್ಪಿಸುತ್ತಾರೆ. ಆ ಪಟ್ಟಿಗೆ ಉಪ್ಪನ್ನೂ ಸೇರಿಸಬೇಕೆಂದು ನಮಗೆ ತೋರುತ್ತದೆ. ಸಮುದ್ರದ ಗಾಳಿಯೊಡನೆಯೂ ಮಳೆಯೊಡನೆಯೂ ಬಂದ ಲವಣವು ಸಾವಿರಾರು ವರ್ಷ ಆ ನೆಲದ ಆಳದಲ್ಲಿ ಸೇರುತ್ತ ಬಂದಿದೆ. ನಾಡಮರಗಳ ಬೇರುಗಳು ಆಳಕ್ಕಿಳಿದು ವರ್ಷವಿಡೀ ನೀರನ್ನು ಹೀರುತ್ತಿದ್ದುದರಿಂದ ಆ ಲವಣ ಇದ್ದಲ್ಲಿಯೇ ಇತ್ತು. ಮರ ಹೋಗಿ ಗೋಧಿ ಬಂದಿತು. ಗೋಧಿಯ ಬೇರು ಮೇಲ್ಮಟ್ಟದ್ದು, ಅದರ ಆಯುಷ್ಯವೂ ಕೆಲವು ತಿಂಗಳಷ್ಟೆ. ಅದು ಕುಡಿಯದೆ ಬಿಟ್ಟ ನೀರು ಕೆಳಗಿಳಿಯಿತು, ಅಂತರ್ಜಲ ಮೇಲೇರಿತು, ಏರುವಾಗ ಉಪ್ಪನ್ನೂ ಹೊತ್ತು ತಂದಿತು. ಆದವಾನಿ ಸೀಮೆಯ ವಾಚಕರಿಗೆ ಚೌಳುನೆಲ ಹೊಸದಲ್ಲ. ಆದರೆ ಕಾಲುವೆಯ ಕೆಳಗೆ ಚೌಳು ಏಳುವುದು ನಾವು ನೀರನ್ನು ಮಿತಿಮೀರಿ ಹರಿಸುವುದರಿಂದ. ಅಲ್ಲಿ ಕಾಲುವೆಯೇ ಇಲ್ಲದ ಮಳೆಯಾಧಾರದ ಹೊಲದಲ್ಲಿ, ಕೇವಲ ಮರ ಹೋದುದರಿಂದ ಚೌಳು ಎದ್ದಿತು. ಈ ವ್ಯತ್ಯಾಸವನ್ನು ಮರೆಯಬಾರದು.

ಇದನ್ನು ಮೊದಲು ಸ್ಪಷ್ಟವಾಗಿ ಬರೆದು ತಿಳಿಸಿದವರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೈಲ್ವೆ ಇಂಜಿನಿಯರು ಡಬ್ಲ್ಯು. ಇ. ವುಡ್ ಎಂಬವರು ಮುಖ್ಯರು. ಉಗಿಬಂಡಿಗಳಿಗೆ ನೀರೊದಗಿಸುವ ಕಟ್ಟೆಗಳ ನೀರು, ಸುತ್ತಣ ಕಾಡನ್ನು ಕಡಿದ ಮೇಲೆ ಉಪ್ಪಾಗುತ್ತಿತ್ತು. ಉಪ್ಪುನೀರು ಉಗಿಬಂಡಿಗೆ ಆಗದು. ಈ ವ್ಯಾವಹಾರಿಕ ತೊಂದರೆಯ ಬೆನ್ನುಹತ್ತಿ ಹೋದ ವುಡ್ ಅವರು, ನಾಡಸಸ್ಯಗಳ ನಾಶಕ್ಕೂ ನೆಲದ ಲವಣಕ್ಕೂ ಇರುವ ಸಂಬಂಧವನ್ನು 1924ರಲ್ಲಿಯೇ ಪ್ರಬಂಧವಾಗಿ ಪ್ರಕಟಿಸಿದರು. ಹತ್ತು ಲಕ್ಷ ಎಕರೆಯ ಘೋಷಣೆ ಹೊರಟುದು ಇದಾದ ಸುಮಾರು ನಾಲ್ಕು ದಶಕಗಳ ಮೇಲೆ! ಆದ್ದರಿಂದ ‘ಆಗ ಗೊತ್ತಿರಲಿಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಗೊತ್ತಿದ್ದವರು ಇದ್ದರು, ಬರೆದೂ ಇದ್ದರು. ಬೆಲೆ ಬಂದ ಗೋಧಿಯ ಮುಂದೆ ಅದನ್ನು ಓದುವವರಿರಲಿಲ್ಲ.

ಪಶ್ಚಾತ್ತಾಪದ ಮೊದಲ ಹೆಜ್ಜೆ ಕಂಡುದು ದಕ್ಷಿಣ ಆಸ್ಟ್ರೇಲಿಯಾದಲ್ಲಿ. 1980ರಲ್ಲಿ ಆ ರಾಜ್ಯವು ರೈತನೊಡನೆ ‘ಪರಂಪರೆಯ ಒಡಂಬಡಿಕೆ’ ಮಾಡಿಕೊಳ್ಳುವ ಕ್ರಮವನ್ನು ಆರಂಭಿಸಿತು. ಹೊಲದಲ್ಲಿ ಉಳಿದ ಕಾಡಿನ ತುಂಡನ್ನು ಕಾಪಾಡುವೆನೆಂದು ರೈತ ಒಪ್ಪಿದರೆ ಆ ಮಾತು ಭೂಮಿಯ ದಾಖಲೆಯಲ್ಲಿ ಸೇರುತ್ತದೆ. ನೆಲ ಯಾರ ಕೈಗೆ ಹೋದರೂ ಕರಾರು ನೆಲದೊಡನೆಯೇ ಸಾಗುತ್ತದೆ. ಒಪ್ಪಿದವರು ಸ್ವಲ್ಪ ಮಂದಿ. 1983ರಲ್ಲಿ ಕಡಿಯುವುದಕ್ಕೆ ಅಪ್ಪಣೆ ಬೇಕೆಂಬ ನಿಯಮ ಬಂದಾಗ ರೈತರಲ್ಲಿ ದೊಡ್ಡ ಕೋಲಾಹಲವೆದ್ದಿತು. ನಿನ್ನೆ ಕಡಿಯದಿದ್ದರೆ ನೆಲ ಕಿತ್ತುಕೊಳ್ಳುವೆನೆಂದ ಸರ್ಕಾರ ಇಂದು ಕಡಿದರೆ ದಂಡ ಹಾಕುವೆನೆಂದರೆ ಯಾರು ತಾನೆ ಸುಮ್ಮನಿದ್ದಾರು? 1985ರ ಶಾಸನವು ಇದಕ್ಕೆ ಒಂದು ಮಾರ್ಗವನ್ನು ಕಂಡುಕೊಂಡಿತು. ಅಪ್ಪಣೆ ನಿರಾಕರಿಸಲ್ಪಟ್ಟ ರೈತನು ಒಡಂಬಡಿಕೆಗೆ ಬಂದರೆ ಅವನಿಗೆ ಪರಿಹಾರದ ಹಣ ಸಲ್ಲತಕ್ಕದ್ದು. 1991ರ ಶಾಸನವು ದೊಡ್ಡ ಪ್ರಮಾಣದ ಕಡಿತವನ್ನೇ ನಿಲ್ಲಿಸಿ ಈ ಪರಿಹಾರದ ಅಧ್ಯಾಯವನ್ನು ಮುಗಿಸಿತು. ಈ ಆರು ವರ್ಷಗಳ ಪರಿಹಾರವು ನಮಗೆ ಇಡೀ ಚರಿತ್ರೆಯಲ್ಲಿ ಹೆಚ್ಚು ನ್ಯಾಯವಾದ ಭಾಗವೆಂದು ತೋರುತ್ತದೆ. ಅಲ್ಲಿ ಸರ್ಕಾರವು ತಾನು ಹಿಂದೆ ಹಾಕಿದ ಷರತ್ತಿನ ಹೊಣೆಯನ್ನು ಕೈಯಿಂದ ಹಣ ತೆತ್ತು ಹೊತ್ತುಕೊಂಡಿತು.

ಉಳಿದುದನ್ನು ಕಾಯುವುದು ಒಂದು, ಹೋದುದನ್ನು ತರುವುದು ಇನ್ನೊಂದು. ಎರಡನೆಯದಕ್ಕೆ ನಾಂದಿಯಾದುದು ವಿಕ್ಟೋರಿಯಾ ರಾಜ್ಯದಲ್ಲಿ. 1983ರ ಫೆಬ್ರವರಿ 8ರಂದು, ಭೀಕರ ಬರಗಾಲದ ನಡುವೆ, ಒಳನಾಡಿನ ಹೊಲಗಳ ಮೇಲ್ಮಣ್ಣು ಕೆಂಧೂಳಾಗಿ ಎದ್ದು ಮೆಲ್ಬೋರ್ನ್ ನಗರವನ್ನೇ ಹಗಲಿನಲ್ಲಿ ಕತ್ತಲಾಗಿಸಿತು. ಹಗರಿಯ ದಡದ ಕಣೇಕಲ್ಲು, ಬೊಮ್ಮನಹಾಳು ಕಡೆಯ ಮರಳದಿಬ್ಬಗಳನ್ನು ಬಲ್ಲ ನಮ್ಮ ರಾಯದುರ್ಗದವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಮರುವರ್ಷ, ಅಂದರೆ 1984ರಲ್ಲಿ, ಇಯಾನ್ ಪಾಟರ್ ಪ್ರತಿಷ್ಠಾನವೆಂಬ ದತ್ತಿಸಂಸ್ಥೆಯು ಹ್ಯಾಮಿಲ್ಟನ್ ಪಟ್ಟಣದ ಸುತ್ತಲಿನ 15 ಹೊಲಗಳನ್ನು ಆರಿಸಿ, ನೆಲದ ಗುಣಕ್ಕನುಸಾರವಾಗಿ ಬೇಲಿಗಳನ್ನು ಬದಲಾಯಿಸಿ, ತೊರೆಯ ದಂಡೆಗೂ ದಿಬ್ಬದ ನೆತ್ತಿಗೂ ನಾಡಮರಗಳನ್ನು ಹಚ್ಚಲು ಹಣವೊದಗಿಸಿತು. ನೆರೆಯ ರೈತ ಬಂದು ಕಣ್ಣಾರೆ ನೋಡಿ ಹೋಗಲೆಂಬುದೇ ಉದ್ದೇಶ. 1986ರ ನವೆಂಬರಿನಲ್ಲಿ ವಿಂಜಲೋಕ್ ಎಂಬ ಗ್ರಾಮದಲ್ಲಿ ರೈತರ ಮೊದಲ ‘ಲ್ಯಾಂಡ್‌ಕೇರ್’ ಸಂಘ ಹುಟ್ಟಿತು. ಇದರ ಹಿಂದೆ ಇಬ್ಬರು ಮಹಿಳೆಯರಿದ್ದರು. ಒಬ್ಬರು ರಾಜ್ಯದ ಅಂದಿನ ಸಚಿವೆ ಜೋನ್ ಕರ್ನರ್. ಇನ್ನೊಬ್ಬರು ರೈತ ಒಕ್ಕೂಟದ ಅಧ್ಯಕ್ಷೆ ಹೆದರ್ ಮಿಚೆಲ್. ರಾಜಕೀಯದಲ್ಲಿ ಎದುರುಬದುರಾಗಿ ನಿಲ್ಲಬೇಕಾಗಿದ್ದ ಇವರಿಬ್ಬರು ಒಂದು ಮೇಜಿನ ಮುಂದೆ ಕುಳಿತುದೇ ಆ ಚಳವಳಿಯ ಬಂಡವಾಳ. ಇದೇ ಮಾದರಿಯನ್ನು ಇಡೀ ದೇಶಕ್ಕೆ ವಿಸ್ತರಿಸಲು ರಾಷ್ಟ್ರೀಯ ರೈತ ಒಕ್ಕೂಟದ ರಿಕ್ ಫಾರ್ಲಿ ಅವರೂ ಪರಿಸರ ಪ್ರತಿಷ್ಠಾನದ ಫಿಲಿಪ್ ಟಾಯ್ನ್ ಅವರೂ ಜೊತೆಗೂಡಿ ಕೇಳಿದರು. 1989ರ ಜುಲೈನಲ್ಲಿ ಪ್ರಧಾನಮಂತ್ರಿ ಬಾಬ್ ಹಾಕ್ ಅವರು ಮರ್ರೆ ಮತ್ತು ಡಾರ್ಲಿಂಗ್ ನದಿಗಳ ಸಂಗಮದ ವೆಂಟ್‌ವರ್ತ್ ಊರಿನಲ್ಲಿ ನಿಂತು ಹತ್ತು ವರ್ಷಗಳಿಗೆ 32 ಕೋಟಿ ಡಾಲರುಗಳ ನೆರವನ್ನೂ ನೂರು ಕೋಟಿ ಮರಗಳ ಯೋಜನೆಯನ್ನೂ ಘೋಷಿಸಿದರು.

ಹಣ ಸಲ್ಲುತ್ತಿದ್ದ ಬಗೆಯನ್ನು ಇಲ್ಲಿ ಹೇಳಬೇಕು. ಸರ್ಕಾರ ಸಾಮಾನ್ಯವಾಗಿ ಪೂರ್ತಿ ವೆಚ್ಚವನ್ನು ಕೊಡುವುದಿಲ್ಲ. ತಂತಿ, ಕಂಬ, ಬೀಜ, ಸಸಿಗಳ ಬೆಲೆಯನ್ನು ಅದು ಕೊಟ್ಟರೆ ದುಡಿಮೆಯನ್ನು ರೈತ ಹಾಕಬೇಕು. ಖರ್ಚಿನ ದೊಡ್ಡ ಪಾಲು ಸಸಿಗಲ್ಲ, ಬೇಲಿಗೆ. ಕುರಿಯೂ ದನವೂ ಒಳಹೊಕ್ಕರೆ ಎಳೆಯ ಗಿಡ ಉಳಿಯದು. ಬೇಲಿ ಭದ್ರವಾದರೆ ಎಷ್ಟೋ ಕಡೆ ನೆಡದೆಯೇ, ಹಳೆಯ ಮರದ ಬೀಜದಿಂದಲೇ ಕಾಡು ಮೇಲೇಳುತ್ತದೆ. ನೆಡುವಲ್ಲಿಯೂ ಆ ಸೀಮೆಯಲ್ಲಿಯೇ ಆಯ್ದ ಬೀಜಕ್ಕೆ ಆದ್ಯತೆ. ಮರವೊಂದೇ ಸಾಲದು, ಪೊದೆಯೂ ಹುಲ್ಲೂ ಬೇಕು.

1997ರಲ್ಲಿ ಒಕ್ಕೂಟ ಸರ್ಕಾರವು ಟೆಲ್‌ಸ್ಟ್ರಾ ದೂರವಾಣಿ ಸಂಸ್ಥೆಯ ಮೂರನೆಯ ಒಂದು ಪಾಲನ್ನು ಮಾರಿ, ಬಂದ ಹಣದಲ್ಲಿ 125 ಕೋಟಿ ಡಾಲರುಗಳನ್ನು ‘ನೈಸರ್ಗಿಕ ಪರಂಪರೆಯ ನಿಧಿ’ಗೆ ಇಟ್ಟಿತು. ಬೇಲಿಗಳು ಎದ್ದವು, ಸಸಿಗಳು ಲಕ್ಷಗಟ್ಟಲೆ ನೆಲ ಸೇರಿದವು. ಆದರೆ ಅದೇ ದಶಕದ ಕೊನೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಒಂದರಲ್ಲಿಯೇ ವರ್ಷಕ್ಕೆ 4 ಲಕ್ಷ ಹೆಕ್ಟೇರಿಗೂ ಮಿಕ್ಕಿ ಕಾಡು ಉರುಳುತ್ತಿತ್ತು. ಒಂದು ಕೈಯಿಂದ ಕೊಡದಲ್ಲಿ ನೀರು ತುಂಬುತ್ತ, ಇನ್ನೊಂದರಿಂದ ಕೊಡದ ತಳಕ್ಕೆ ತೂತು ಕೊರೆಯುವ ಕೆಲಸ! ಸ್ವಯಂಸೇವೆಯೂ ಸಹಾಯಧನವೂ ಕಾನೂನಿನ ಸ್ಥಾನವನ್ನು ತುಂಬಲಾರವೆಂಬುದು ಆಗ ಮನವರಿಕೆಯಾಯಿತು. 2004ರಲ್ಲಿ ಕ್ವೀನ್ಸ್‌ಲ್ಯಾಂಡ್ ತನ್ನ ಶಾಸನವನ್ನು ಬಿಗಿಗೊಳಿಸಿ 2006ರ ಅಂತ್ಯದೊಳಗೆ ದೊಡ್ಡ ಕಡಿತ ನಿಲ್ಲಬೇಕೆಂದು ವಿಧಿಸಿತು. ರೈತರಿಗೆ 15 ಕೋಟಿ ಡಾಲರುಗಳ ನೆರವನ್ನು ಜೊತೆಗಿಟ್ಟಿತು.

ಈ ನಡುವೆ ವಿಕ್ಟೋರಿಯಾ 2001ರಲ್ಲಿ ‘ಬುಷ್‌ಟೆಂಡರ್’ ಎಂಬ ಹೊಸ ಪರಿಯನ್ನು ಪ್ರಯೋಗಿಸಿತು. ಇದೊಂದು ತಲೆಕೆಳಗಾದ ಹರಾಜು. ಅಧಿಕಾರಿಯೊಬ್ಬ ಹೊಲಕ್ಕೆ ಬಂದು ಉಳಿದ ಕಾಡಿನ ಸ್ಥಿತಿಯನ್ನು ಅಳೆದು ಅಂಕ ಹಾಕುತ್ತಾನೆ. ಯಾವ ಕೆಲಸಕ್ಕೆ ತನಗೆ ಎಷ್ಟು ಹಣ ಬೇಕೆಂಬುದನ್ನು ರೈತನೇ ಮುಚ್ಚಿದ ಲಕೋಟೆಯಲ್ಲಿ ಬರೆದುಕೊಡುತ್ತಾನೆ. ಒಂದು ಡಾಲರಿಗೆ ಎಲ್ಲಿ ಹೆಚ್ಚಿನ ಪ್ರಯೋಜನವೋ ಅಲ್ಲಿಂದ ತೊಡಗಿ ಹಣ ತೀರುವವರೆಗೆ ಒಪ್ಪಂದಗಳಾಗುತ್ತವೆ. ಸರಿಸಮ ದರದಲ್ಲಿ ಎಲ್ಲರಿಗೂ ಹಂಚುವ ಪದ್ಧತಿಗಿಂತ ಇದರಲ್ಲಿ ಅದೇ ಹಣಕ್ಕೆ ಹೆಚ್ಚು ಫಲ ದೊರೆಯಿತೆಂದು ಅದನ್ನು ರೂಪಿಸಿದ ಅರ್ಥಶಾಸ್ತ್ರಜ್ಞರು ತೋರಿಸಿದರು. ಫಲ ಹೆಚ್ಚಿದುದು ನಿಜವಿರಬಹುದು. ಆದರೆ ನೆರೆಹೊರೆಯವರು ಕೂಡಿ ದುಡಿದ ಸಂಘದ ಗುಣ ಈ ಲಕೋಟೆಯಲ್ಲಿಲ್ಲವೆಂಬುದನ್ನೂ ಹೇಳಲೇಬೇಕು. ಒಬ್ಬನ ಲಕೋಟೆ ಇನ್ನೊಬ್ಬನಿಗೆ ಪೈಪೋಟಿ.

ಇದನ್ನೆಲ್ಲ ಓದುವಾಗ ನಮ್ಮ ಮನಸ್ಸು ಕೋಲಾರ, ತುಮಕೂರು ಜಿಲ್ಲೆಗಳತ್ತ ಹರಿಯದಿರದು. ಅಲ್ಲಿ ಲ್ಯಾಂಡ್‌ಕೇರ್ ಹುಟ್ಟುವ ಹೊತ್ತಿನಲ್ಲಿ ಇಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ನಡೆಯುತ್ತಿತ್ತು. ರೈತನ ಸ್ವಂತ ನೆಲದಲ್ಲಿ ಮರ ಬೆಳೆಸಲು ಸರ್ಕಾರದ ಪ್ರೋತ್ಸಾಹ ಎಂಬಷ್ಟರ ಮಟ್ಟಿಗೆ ಎರಡೂ ಒಂದೇ. ಆದರೆ ಹೊಂಗೆ, ಹುಣಸೆ, ಬೇವುಗಳ ನಾಡಿನಲ್ಲಿ ಮುಖ್ಯವಾಗಿ ಹಂಚಲ್ಪಟ್ಟುದು ಆಸ್ಟ್ರೇಲಿಯಾದ ನೀಲಗಿರಿ. ರಾಗಿಯ ಹೊಲಗಳು ಕಾಗದ ಮತ್ತು ನಾರಿನ ಗಿರಣಿಗಳ ತೋಪುಗಳಾದವು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿತೋಟಕ್ಕೆ ನಡೆದು ಹೋಗಿ, ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ ಮಾವುಗಳ ಬೀಜವನ್ನು ಬಿತ್ತಿ ಬಂದರು. ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದುದು 2017ರಲ್ಲಿ. ನೀರು ಕುಡಿಯುವುದು ಮರದ ತಪ್ಪಲ್ಲ. ತವರಿನಲ್ಲಿ ಉಪ್ಪನ್ನು ತಡೆದು ಹಿಡಿದುದು ಅದರ ಇದೇ ಗುಣ. ಕೆರೆ ಬಾವಿಗಳನ್ನು ನೆಚ್ಚಿದ ಬಯಲುಸೀಮೆಯಲ್ಲಿ ರೈತನ ಸಿಟ್ಟಿಗೆ ಗುರಿಯಾದುದೂ ಇದೇ ಗುಣ. ಯೋಜನೆಯ ಕಾಗದದಲ್ಲಿ ‘ಮರ’ ಎಂದು ಬರೆದು ‘ಯಾವ ಮರ’ ಎಂದು ಕೇಳದಿದ್ದಲ್ಲಿ ದೋಷವಿತ್ತು.

ಆಸ್ಟ್ರೇಲಿಯಾದಲ್ಲಿ ಈ ಪ್ರಯೋಗಗಳು ಇನ್ನೂ ಮುಗಿದಿಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯವು 2017ರಿಂದ ಪ್ರತ್ಯೇಕ ಸಂಸ್ಥೆಯೊಂದರ ಮೂಲಕ, ಕಾಡನ್ನು ಶಾಶ್ವತವಾಗಿ ಕಾಯಲೊಪ್ಪಿದ ರೈತನಿಗೆ ವರ್ಷಾಶನದಂತೆ ಹಣ ಸಲ್ಲಿಸುತ್ತಿದೆ. ಒಕ್ಕೂಟ ಸರ್ಕಾರದ 2023ರ ‘ಪ್ರಕೃತಿ ದುರಸ್ತಿ’ ಶಾಸನವು ಇನ್ನೂ ಮುಂದೆ ಹೋಗಿ, ನಾಡಸಸ್ಯಗಳನ್ನು ಮರಳಿ ಬೆಳೆಸಿದವನಿಗೆ ಒಂದು ಪ್ರಮಾಣಪತ್ರವನ್ನು ಕೊಡುವ ಏರ್ಪಾಡು ಮಾಡಿದೆ. 2025ರ ಮಾರ್ಚ್ 1ರಂದು ಅದರ ಮಾರುಕಟ್ಟೆ ತೆರೆಯಿತು. ಇಲ್ಲಿ ಹಣ ಕೊಡತಕ್ಕವನು ಸರ್ಕಾರವೇ ಆಗಬೇಕೆಂದಿಲ್ಲ; ಕಂಪನಿಗಳೂ ದಾನಿಗಳೂ ಆ ಪತ್ರವನ್ನು ಕೊಳ್ಳಬಹುದು. ಪತ್ರ ಪಡೆದ ರೈತನು ಆ ಕಾಡನ್ನು 25 ವರ್ಷವೋ 100 ವರ್ಷವೋ ಕಾಯುವೆನೆಂದು ಮೊದಲೇ ಬರೆದುಕೊಡಬೇಕು.